ಮೇಜಿನ ಬೇರು

ಬೇರುಗಾರನಿಗೆ ತನ್ನ ಮೈದುನನನ್ನು, ಅಂದರೆ ಹೆಂಡತಿಯ ತಮ್ಮನನ್ನು, ಕಂಡರೆ ಆಗುತ್ತಿರಲಿಲ್ಲ. ಇಬ್ಬರಿಗೂ ಎಂದೂ ಜಗಳವಾಗಿದ್ದಿಲ್ಲ. ಆದರೆ ಆ ಮನುಷ್ಯ ಬಾಯಿ ತೆರೆದರೆ ಸಾಕು, ನಿಘಂಟು ಕಚೇರಿಯ ಹದಿನಾಲ್ಕು ಮಂದಿಯೂ ಕೈಯಲ್ಲಿದ್ದ ಕೆಲಸ ಬಿಟ್ಟು ಅವನತ್ತ ತಿರುಗುತ್ತಿದ್ದರು. ಬೇರುಗಾರ ಇಪ್ಪತ್ತೆಂಟು ವರ್ಷದಿಂದ ಅದೇ ಕೋಣೆಯಲ್ಲಿ ಬಾಯಿ ತೆರೆಯುತ್ತಿದ್ದ, ಒಬ್ಬರೂ ಹಾಗೆ ತಿರುಗಿದವರಲ್ಲ. ಹೊಟ್ಟೆ ಉರಿಯಲು ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಬೇರುಗಾರ ಎಂಬುದು ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಪದಕ್ಕೆ ಅರ್ಥ ಬರೆಯುವವರು ಬೇರೆ, ಉಚ್ಚಾರಣೆ ನೋಡುವವರು ಬೇರೆ. ಪದ ಯಾವ ಭಾಷೆಯಲ್ಲಿ ಹುಟ್ಟಿ ಯಾವ ದಾರಿ ಹಿಡಿದು ನಮ್ಮಲ್ಲಿಗೆ ಬಂತು ಎಂದು ಹುಡುಕುವುದು ಇವನ ಕೆಲಸ. ಕನ್ನಡಕದ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ, ಉದ್ದನೆಯ ಒಂದು ಕೋಣೆ ಅವರ ಕಚೇರಿ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಡ್ರಾಯರುಗಳು, ಡ್ರಾಯರಿನ ತುಂಬ ಕಾರ್ಡಿನಷ್ಟಗಲದ ಚೀಟಿಗಳು, ಒಂದು ಚೀಟಿಗೆ ಒಂದು ಪದ. ಕೆಳಗಿನ ಸಾಲಿಗೆ ಮಂಡಿಯೂರಬೇಕು, ಮೇಲಿನ ಸಾಲಿಗೆ ಏಣಿ ಹತ್ತಬೇಕು. ಬೇರುಗಾರ ಏಣಿ ಹತ್ತಿ ಕೂತನೆಂದರೆ ಊಟಕ್ಕೆ ಯಾರಾದರೂ ಕೂಗಿದಾಗ ಮಾತ್ರ ಇಳಿಯುತ್ತಿದ್ದ.

ಇಪ್ಪತ್ತೆಂಟು ವರ್ಷದಲ್ಲಿ ಅವನು ನಾಲ್ಕು ಸಾವಿರ ಪದಗಳ ಬೇರು ಬರೆದಿದ್ದ. ಅದರಲ್ಲಿ ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತನ್ನು ಹಳೆಯ ವಿದ್ವಾಂಸರೇ ಅಗೆದು ಇಟ್ಟಿದ್ದರು, ಇವನು ಒರೆಸಿ ಜೋಡಿಸಿದ್ದ, ಅಷ್ಟೆ. ತಾನೇ ಅಗೆದು ತೆಗೆದದ್ದು ಎಂದು ಎದೆ ಮುಟ್ಟಿ ಹೇಳಿಕೊಳ್ಳುವಂಥದ್ದು ಒಂದೇ ಒಂದು, ‘ಮೇಜು’. ಎರಡಕ್ಷರದ ಪದ. ಅದು ಪಾರಸಿಯಿಂದ ನೆಲದ ದಾರಿಯಲ್ಲಿ, ದಂಡು ದರಬಾರುಗಳ ಜೊತೆ ನಡೆದು ಬಂತು ಎಂದು ಅವನು ಇಪ್ಪತ್ತೆರಡು ವರ್ಷದ ಹಿಂದೆ ಬರೆದಿದ್ದ. ಅತಿಥಿಗಳಿಗೆ ಉಣಬಡಿಸುವ ಯಜಮಾನನನ್ನು ಪಾರಸಿಯವರು ಮೇಜ್‌ಬಾನ್ ಎನ್ನುತ್ತಾರೆ, ಔತಣ ಎಂಬರ್ಥದ ನಮ್ಮ ‘ಮೇಜವಾನಿ’ ಬಂದದ್ದು ಅಲ್ಲಿಂದಲೇ. ಮೇಜವಾನಿ ಬಂದ ದಾರಿಯಲ್ಲೇ ಮೇಜೂ ಬಂದಿರಬೇಕು. ಇದು ಅವನ ವಾದ. ಮೊದಲ ಆವೃತ್ತಿಯಲ್ಲಿ ಆ ಪದದ ಕೆಳಗೆ ಇವನ ಹೆಸರಿನ ಎರಡು ಮೊದಲಕ್ಷರಗಳು ಅಚ್ಚಾಗಿದ್ದವು. ಮನೆಯಲ್ಲಿದ್ದ ಪ್ರತಿಯನ್ನು ಎಲ್ಲಿ ತೆರೆದರೂ ಅದೇ ಪುಟ ತೆರೆದುಕೊಳ್ಳುತ್ತಿತ್ತು. ಈಗ ಹೊಸ ಆವೃತ್ತಿ ತಯಾರಾಗುತ್ತಿತ್ತು, ‘ಮ’ ಅಕ್ಷರ ಅಚ್ಚಿಗೆ ಹೋಗಲು ಆರು ವಾರ ಉಳಿದಿತ್ತು.

ಮೈದುನ ಇಪ್ಪತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆಯವನಾಗಿದ್ದ. ಮಂಡಿ ಸವೆದು ಹಡಗಿನ ಏಣಿ ಹತ್ತಿ ಇಳಿಯುವುದು ಕಷ್ಟವಾದಾಗ ನೆಲಕ್ಕೆ ಬಂದು ನಿಂತ. ಅವನ ಅಕ್ಕ ಗಂಡನಿಗೆ ಹೇಳಿದಳು, ಗಂಡ ದೊಡ್ಡ ಮನಸ್ಸು ಮಾಡಿ ಕಚೇರಿಯ ಪ್ರಧಾನ ಸಂಪಾದಕಿಗೆ ಹೇಳಿದ. ಕಚೇರಿಯವರೆಲ್ಲ ಮೇಡಂ ಎನ್ನುತ್ತಿದ್ದ ಆ ಹೆಂಗಸು, ಬಂದರುಗಳ ಮಾತು ಬಲ್ಲವನು ಸಿಕ್ಕರೆ ಬಿಟ್ಟಾಳೆಯೇ, ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಸಿಕೊಟ್ಟಳು. ಹೀಗೆ ಬೇರುಗಾರ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ಮೈದುನನಿಗೆ ಪುಸ್ತಕದ ಗಂಧವಿಲ್ಲ, ಆದರೆ ಸಾಬೂನಿಗೆ ಎಂಟು ಬಂದರುಗಳಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಎಂಟನ್ನೂ ಆಯಾ ಊರಿನವರ ರಾಗದಲ್ಲೇ ಹೇಳುತ್ತಿದ್ದ. ಮೇಡಂ ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದಳು. ಏಣಿಯ ಮೇಲೆ ಕೂತ ಬೇರುಗಾರನ ಕಿವಿಗೆ ಕಾದ ಸೀಸ ಹೊಯ್ದಂತಾಗುತ್ತಿತ್ತು.

ಕಚೇರಿಯದು ಒಂದು ಕತೆಯಾದರೆ ಮನೆಯದು ಇನ್ನೊಂದು. ಭಾನುವಾರ ಮೈದುನ ಊಟಕ್ಕೆ ಬರುತ್ತಿದ್ದ. ಅಕ್ಕ ತಮ್ಮ ಅಡುಗೆಮನೆ ಸೇರಿದರೆ ಮುಗಿಯಿತು, ಈರುಳ್ಳಿ ಹೆಚ್ಚುವ ಸದ್ದಿನ ನಡುವೆ ಪಿಸುಮಾತು, ಆಮೇಲೆ ನಗು. ಬೇರುಗಾರ ಹೊರಗಿನ ಕೋಣೆಯಲ್ಲಿ ಪತ್ರಿಕೆ ಹಿಡಿದು ಒಂದೇ ಸಾಲನ್ನು ಐದು ಸಲ ಓದುತ್ತಿದ್ದ. ತನ್ನ ಜೊತೆ ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕದ್ದು ಯಾವ ವರ್ಷ ಎಂದು ಲೆಕ್ಕ ಹಾಕುತ್ತಿದ್ದ, ಸಿಗುತ್ತಿರಲಿಲ್ಲ. ಏನದು ಅಷ್ಟು ನಗುವಂಥದ್ದು ಎಂದು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಏನಿಲ್ಲ ಬಿಡಿ ಎಂದಿದ್ದಳು. ಏನಿಲ್ಲ ಬಿಡಿ ಎಂಬ ಮಾತಿಗಿಂತ ದೊಡ್ಡ ಬೀಗ ಯಾವ ಬಾಗಿಲಿಗೂ ಇಲ್ಲ.

ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಬಹಳ ಹಿಂದೆ ಇಬ್ಬರು ಸಂಪಾದಕರು ಒಂದು ಪದದ ಬೇರಿಗಾಗಿ ಮಸಿಕುಡಿಕೆ ಎಸೆದಾಡಿದ ಮೇಲೆ ಬಂದ ಪದ್ಧತಿ. ಹೊಸ ಬೇರು ಬರೆದವರು ಯಾರೇ ಆಗಲಿ, ಹೆಸರನ್ನು ಲಕೋಟೆಯಲ್ಲಿಟ್ಟು ಅಂಟಿಸಬೇಕು. ಟೈಪಿಸ್ಟ್ ಚೀಟಿಯನ್ನು ಹೆಸರಿಲ್ಲದೆ ಟೈಪ್ ಮಾಡಿ ಒಬ್ಬ ಎದುರಾಳಿಗೆ ಕೊಡಬೇಕು. ಎದುರಾಳಿ ಹಳದಿ ಹಾಳೆಯಲ್ಲಿ ಒಂದೊಂದೇ ಆಕ್ಷೇಪ ಬರೆಯುತ್ತಾನೆ, ಬರೆದವರು ಬಿಳಿ ಹಾಳೆಯಲ್ಲಿ ಒಂದೊಂದಕ್ಕೇ ಉತ್ತರ ಕೊಡುತ್ತಾರೆ. ಹೋಗುವುದೂ ಬರುವುದೂ ಟೈಪಿಸ್ಟಳ ಕೈಯಿಂದ, ಎಷ್ಟನೆಯದು ಹೋಯಿತು ಎಷ್ಟನೆಯದು ಬಂತು ಎಂಬ ಲೆಕ್ಕ ಅವಳದಲ್ಲ. ಇನ್ನು ಹೇಳಲು ಏನೂ ಉಳಿಯದಿದ್ದಾಗ ಎದುರಾಳಿ ‘ಒಪ್ಪಿದೆ’ ಎಂದು ಸಹಿ ಹಾಕಿದರೆ ಮಾತ್ರ ಲಕೋಟೆ ಒಡೆಯುವುದು. ಚೀಟಿಯನ್ನು ಕಚೇರಿಯವರೇ ಬರೆಯಬೇಕೆಂದಿಲ್ಲ, ಹೊರಗಿನವರೂ ಬರೆಯಬಹುದು, ಆದರೆ ಬರೆಯುವವರು ಅಪರೂಪ. ಸಹಿಗೆ ಮೊದಲೇ ಬರೆದವರು ಯಾರೆಂದು ಎದುರಾಳಿಗೆ ತಿಳಿದುಹೋದರೆ ಅವನೇ ಬಂದು ಹೇಳಬೇಕು. ಆಗ ಆ ಚೀಟಿ ಆ ಆವೃತ್ತಿಯ ಮಟ್ಟಿಗೆ ರದ್ದು.

ಒಂದು ಬೆಳಗ್ಗೆ ಬೇರುಗಾರನ ಕಾಗದಪತ್ರಗಳ ತಟ್ಟೆಯಲ್ಲಿ ಅಂಥದೊಂದು ಚೀಟಿ ಕೂತಿತ್ತು. ಪದ: ಮೇಜು.

ಚೀಟಿಯಲ್ಲಿ ಹೀಗಿತ್ತು: “ಹಡಗು ನಿಂತ ಕಡೆಯೆಲ್ಲ ಈ ಪದ ಇಳಿದಿದೆ. ಮಲಯ್ ಮಾತಾಡುವವರು ಮೇಜಾ ಎನ್ನುತ್ತಾರೆ. ಸ್ವಾಹಿಲಿಯವರದೂ ಅದೇ, ಆದರೆ ಜಕಾರವನ್ನು ಹಲ್ಲಿನ ಹತ್ತಿರ ಉಜ್ಜುತ್ತಾರೆ. ಸಿಂಹಳದವರಿಗೆ ಮೇಸಯ, ತಮಿಳರಿಗೆ ಮೇಸೈ. ಇವರು ಯಾರೂ ಪಕ್ಕದ ಮನೆಯವರಲ್ಲ, ಒಬ್ಬರನ್ನೊಬ್ಬರು ಕೇಳಿ ಕಲಿತವರಲ್ಲ. ಇವರೆಲ್ಲರ ಬಂದರಿಗೂ ಬಂದವರು ಪೋರ್ಚುಗೀಸರು, ಅವರ ಮೇಸ ಇವುಗಳ ತಾಯಿ. ಆ ತಾಯಿಗೆ ತಾಯಿ ಲ್ಯಾಟಿನ್ನಿನ ಮೆನ್ಸ. ಅದೇ ಮೆನ್ಸದಿಂದ ರುಮಾನಿಯನ್ನರು ಮಸ ಎಂಬ ಪದ ಮಾಡಿಕೊಂಡು, ಮೇಜಿಗೂ ಊಟಕ್ಕೂ ಅದೊಂದನ್ನೇ ಇಟ್ಟುಕೊಂಡಿದ್ದಾರೆ. ಹಸಿದವನಿಗೆ ಎರಡೂ ಒಂದೇ ತಾನೆ. ನಮ್ಮ ಮೇಜೂ ಹಡಗಿನಿಂದ ಇಳಿದದ್ದು.”

ಬೇರುಗಾರ ಅದನ್ನು ಮೂರು ಸಲ ಓದಿದ. ಒಂದು ಉಲ್ಲೇಖವಿಲ್ಲ, ಅಡಿಟಿಪ್ಪಣಿಯಿಲ್ಲ, ವಾಕ್ಯಗಳು ಸೌಟು ಹಿಡಿದು ನಿಂತವರ ಮಾತಿನಂತೆ ಇವೆ. ಇದು ಅಡುಗೆಮನೆಯ ಬರಹವೇ, ಅನುಮಾನವಿಲ್ಲ ಎಂದುಕೊಂಡ. ಅಡುಗೆಯವನು ಇಡೀ ಕಚೇರಿಗೆ ಒಬ್ಬನೇ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಆರಾಮಾಗಿ ಚಹಾ ಕುಡಿಯುತ್ತಿದ್ದ. ಹಾಗಾದರೆ ಬರೆದವನು ಯಾರೆಂದು ಮೇಡಂಗೆ ಹೇಳಬೇಕಲ್ಲವೆ ಎಂದು ಮನಸ್ಸಿನ ಒಂದು ಮೂಲೆ ಕೇಳಿತು. ಹೇಳಬೇಕಾದದ್ದು ತಿಳಿದರೆ, ಇದು ಬರೀ ಊಹೆ ಎಂದು ಇನ್ನೊಂದು ಮೂಲೆ ಸಮಾಧಾನ ಮಾಡಿತು. ನಿಜ ಹೇಳಬೇಕೆಂದರೆ ಚೀಟಿ ರದ್ದಾಗುವುದು ಅವನಿಗೆ ಬೇಕಿರಲಿಲ್ಲ. ಅದನ್ನು ತಾನೇ ಕೈಯಾರೆ ಹರಿಯಬೇಕಿತ್ತು.

ಅವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ ಹಸಿದವನ ಸಾಲು. ಅಂಥದೊಂದು ಸಾಲು ಇಪ್ಪತ್ತೆಂಟು ವರ್ಷದಲ್ಲಿ ತನ್ನ ಲೇಖನಿಯಿಂದ ಬಿದ್ದಿಲ್ಲ ಎಂದು ಅವನಿಗೇ ಗೊತ್ತಿತ್ತು.

ಶುರುವಾಯಿತು ಯುದ್ಧ. ಮೊದಲ ಹಳದಿ ಹಾಳೆಯಲ್ಲಿ ಬೇರುಗಾರ ಕೇಳಿದ: ಪೋರ್ಚುಗೀಸರ ಪದದಲ್ಲಿರುವುದು ಸಕಾರ, ನಮ್ಮದರಲ್ಲಿ ಜಕಾರ, ಸ ಹೋಗಿ ಜ ಬಂದದ್ದು ಹೇಗೆ? ಎರಡು ದಿನಕ್ಕೆ ಬಿಳಿ ಹಾಳೆ ಬಂತು. ಅವರು ಬರೆಯುವುದು ಸ, ಆದರೆ ಎರಡು ಸ್ವರಗಳ ನಡುವೆ ಅದನ್ನು ಜೇನುಹುಳು ಗುಂಯ್‌ಗುಟ್ಟಿದಂತೆ ನುಡಿಯುತ್ತಾರೆ. ಆ ಸದ್ದು ಬಾಯಲ್ಲಿ ಇಲ್ಲದವರು ಅದನ್ನು ಜ ಎಂದೇ ಕೇಳುತ್ತಾರೆ, ಬೇಕಿದ್ದರೆ ನಮ್ಮವರ ಬಾಯಲ್ಲಿ ಪಾರಸಿ ಪದಗಳು ಏನಾಗಿವೆ ನೋಡಿ ಎಂದಿತ್ತು. ತನ್ನ ಪಾರಸಿಯಿಂದಲೇ ತನಗೆ ಏಟು. ಬೇರುಗಾರ ಹಲ್ಲು ಕಚ್ಚಿದ.

ಕಡಲನ್ನೇ ಕಾಣದ ಒಳನಾಡಿನವರೂ ಮೇಜು ಎನ್ನುತ್ತಾರಲ್ಲ ಎಂದು ಎರಡನೆಯ ಆಕ್ಷೇಪ. ಕಡಲು ಕಾಣದವರೂ ಅಡುಗೆಗೆ ಉಪ್ಪು ಹಾಕುತ್ತಾರೆ ಎಂದು ಉತ್ತರ. ಮೂರು, ನಾಲ್ಕು, ಐದು ಹೀಗೇ ಹೋದವು. ಆರನೆಯದರಲ್ಲಿ ಅವನು ಕುರ್ಚಿಯನ್ನು ತಂದ: ಕುರ್ಚಿ ಅರಬ್ಬಿಯದು, ನೆಲದ ದಾರಿಯಲ್ಲಿ ಬಂದದ್ದು, ಕುರ್ಚಿಯನ್ನು ಬಿಟ್ಟು ಮೇಜೊಂದೇ ಬೇರೆ ದಾರಿಯಲ್ಲಿ ಬಂದೀತೆ? ಉತ್ತರ ಒಂದೇ ಸಾಲು. “ಅಲಮಾರೂ ಅದರ ಚಾವಿಯೂ ಪೋರ್ಚುಗೀಸರ ಹಡಗಿನಲ್ಲಿ ಬಂದವು ಎಂದು ನಿಮ್ಮ ನಿಘಂಟೇ ಹೇಳುತ್ತದೆ; ಅಲಮಾರು ಹಿಡಿಸಿದ ಹಡಗಿನಲ್ಲಿ ಮೇಜಿಗೆ ಜಾಗವಿರಲಿಲ್ಲವೆ?” ಟೈಪಿಸ್ಟ್ ಅದನ್ನು ಕೊಡುವಾಗ ತುಟಿ ಬಿಗಿಹಿಡಿದಿದ್ದಳು. ಅವಳು ನಗು ತಡೆಯುತ್ತಿದ್ದಾಳೆ ಎಂದು ಬೇರುಗಾರನಿಗೆ ಖಾತ್ರಿಯಾಯಿತು. ಅವನು ಕಿಟಕಿಯ ಕಡೆ ನೋಡಿದ. ಮೈದುನ ಅವನನ್ನು ನೋಡಿ, ಏನೂ ಅರಿಯದವನಂತೆ, ಚಹಾ ಬೇಕಾ ಭಾವ ಎಂದು ಸನ್ನೆ ಮಾಡಿದ.

ಈ ಮೂರು ವಾರ ಬೇರುಗಾರನಿಗೆ ಇದ್ದ ಒಂದೇ ಸಮಾಧಾನ ಹೆಂಡತಿ. ಆಕ್ಷೇಪವನ್ನು ಹಾಳೆಗಿಳಿಸುವ ಮೊದಲು ಊಟಕ್ಕೆ ಕೂತಾಗ ಅವಳ ಮುಂದೆ ಜೋರಾಗಿ ಹೇಳಿ ನೋಡುತ್ತಿದ್ದ. ಕಿವಿಗೆ ಕೇಳಿಸಿಕೊಂಡರೆ ಮಾತಿನ ಹದ ತಿಳಿಯುತ್ತದೆ ಎಂಬುದು ಅವನ ಹಳೆಯ ರೂಢಿ. ಮೊದಲೆಲ್ಲ ಅವಳು ಹೂಂ ಎನ್ನುತ್ತ ಪಾತ್ರೆ ಎತ್ತಿಡುತ್ತಿದ್ದಳು. ಈ ಸಲ ಕೂತು ಕೇಳುತ್ತಿದ್ದಳು. ಸರಿ, ಅದಕ್ಕೆ ಆ ಕಡೆಯವರು ಏನಂತಾರೆ ಎಂದು ಕೇಳುತ್ತಿದ್ದಳು. ಅವನು ಆ ಕಡೆಯವನ ದಡ್ಡತನವನ್ನು ಬಾಯ್ತುಂಬ ಬಣ್ಣಿಸುತ್ತಿದ್ದ: ಇವನೆಂಥವನೋ ಓದು ಬರಹ ಇಲ್ಲದವನು, ಪದ ಅಂದರೆ ಸಂತೆಯಲ್ಲಿ ಸಿಗುವ ತರಕಾರಿ ಅಂದುಕೊಂಡಿದ್ದಾನೆ. ತಮ್ಮನ ಹೆಸರೆತ್ತುತ್ತಿರಲಿಲ್ಲ, ಅಷ್ಟು ಎಚ್ಚರ ಇತ್ತು. ಅವಳು ತಲೆ ತಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿರುತ್ತಿದ್ದಳು. ಕೊನೆಗೂ ಇವಳಿಗೆ ನನ್ನ ಕೆಲಸದ ರುಚಿ ಹತ್ತಿತು ಎಂದು ಅವನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಏಳನೆಯದು ಅವನ ಬ್ರಹ್ಮಾಸ್ತ್ರ. ಮೇಜವಾನಿ. ಅದನ್ನು ಅವನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ. ಭಾನುವಾರ ಮಧ್ಯಾಹ್ನ ಊಟ ಮಾಡುತ್ತ ಹೆಂಡತಿಗೆ ಅದನ್ನು ಪೂರ್ತಿ ಹೇಳಿದ. ಆ ಭಾನುವಾರ ಮೈದುನ ಮಂಡಿ ತೋರಿಸಲು ವೈದ್ಯರ ಬಳಿ ಹೋಗಿದ್ದ, ಊಟಕ್ಕೆ ಬಂದಿರಲಿಲ್ಲ. ಮೇಜವಾನಿ ಪಾರಸಿಯದು ಎಂದು ಎಲ್ಲರೂ ಒಪ್ಪಿದ್ದಾರೆ, ಮೇಜವಾನಿಯ ಹೊಟ್ಟೆಯಲ್ಲೇ ಮೇಜು ಕೂತಿದೆ, ಮಗು ಒಂದು ಮನೆಯದು ತಾಯಿ ಇನ್ನೊಂದು ಮನೆಯವಳು ಅನ್ನೋಕಾಗುತ್ತಾ ಎಂದು ಗಂಟಲೇರಿಸಿದ. ಇದು ಗಟ್ಟಿ ಇದೆ ಎಂದಳು ಹೆಂಡತಿ. ಸೋಮವಾರ ಅವನು ಹಳದಿ ಹಾಳೆ ತುಂಬಿಸಿದ, ಆದರೆ ಕೊಡಲಿಲ್ಲ. ಇಂಥ ಹಾಳೆಯನ್ನು ಒಳ್ಳೆಯ ಅಕ್ಷರದಲ್ಲಿ ಇನ್ನೊಮ್ಮೆ ಬರೆದು ಕೊಡೋಣ ಎಂದು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಮಂಗಳವಾರ ಬೆಳಗ್ಗೆ ಅವನ ತಟ್ಟೆಯಲ್ಲಿ ಬಿಳಿ ಹಾಳೆಯಿತ್ತು. ತಲೆಯ ಮೇಲೆ ಟೈಪಾಗಿದ್ದದ್ದು: ಏಳನೆಯ ಆಕ್ಷೇಪಕ್ಕೆ ಉತ್ತರ.

ಬೇರುಗಾರ ಜೇಬು ಮುಟ್ಟಿ ನೋಡಿಕೊಂಡ. ಹಳದಿ ಹಾಳೆ ಅಲ್ಲೇ ಇತ್ತು, ಮಡಚಿದ್ದು ಮಡಚಿದಂತೆಯೇ.

ಮೊದಲು ಉತ್ತರ ಓದಿದ, ಏನೇ ಆದರೂ ಅವನು ಬೇರುಗಾರ. “ಮೇಜವಾನಿ ಎಂದರೆ ಉಣಬಡಿಸುವ ಉಪಚಾರ. ಅದಕ್ಕೆ ನಾಲ್ಕು ಕಾಲಿನ ಮರ ಬೇಡ, ನೆಲದ ಮೇಲೆ ಎಲೆ ಹಾಸಿದರೂ ಅದು ಮೇಜವಾನಿಯೇ. ನಮ್ಮವರು ಮೇಜವಾನಿ ಮಾಡುತ್ತಿದ್ದಾಗ ಅದರೊಳಗೆ ಒಂದು ಮೇಜು ಇದೆ ಎಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಉಪಚಾರ ನೆಲದ ಮೇಲೆ ಬಂತು, ಮರ ನೀರಿನ ಮೇಲೆ ಬಂತು. ಎರಡೂ ಪದ ಒಂದೇ ಮನೆಯಲ್ಲಿ ಎದುರಾದಾಗ ನೆಂಟರಂತೆ ಕಂಡವು. ಕಂಡವರೆಲ್ಲ ನೆಂಟರಲ್ಲ. ಪಾರಸಿ ದಾರಿಯನ್ನು ನಾನು ಪೂರ್ತಿ ಮುಚ್ಚುವುದಿಲ್ಲ, ಆದರೆ ಹಡಗಿನ ದಾರಿಯನ್ನು ಮೊದಲು ಬರೆಯಬೇಕು.”

ಇದಕ್ಕೆ ಅವನ ಬಳಿ ಮಾತಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚು ಸುಟ್ಟದ್ದು ಬೇರೆ. ಏಳನೆಯ ಆಕ್ಷೇಪ ಕೇಳಿದ ಕಿವಿ ಜಗತ್ತಿನಲ್ಲಿ ಎರಡೇ ಎರಡು. ಅವಳು ಹೇಳಿಬಿಟ್ಟಿದ್ದಾಳೆ. ಮೂರು ವಾರದಿಂದ ಕೂತು ಕೇಳಿದ್ದು ರುಚಿ ಹತ್ತಿ ಅಲ್ಲ, ತಮ್ಮನಿಗೆ ಸುದ್ದಿ ಮುಟ್ಟಿಸಲು. ಗಂಡನ ಅನ್ನದ ತಟ್ಟೆಯ ಮುಂದೆ ಕೂತು ತಮ್ಮನ ಪರ ಬೇಹುಗಾರಿಕೆ.

ನೆಟ್ಟಗೆ ಕಿಟಕಿಯ ಬಳಿ ಹೋಗಿ ಬಿಳಿ ಹಾಳೆಯನ್ನು ಮೈದುನನ ಮುಂದೆ ಇಟ್ಟ. ನಿನ್ನ ಅಕ್ಕನ ಬಾಯಿಂದ ನನ್ನ ಮಾತು ಕದಿಸುವುದಕ್ಕೆ ನಾಚಿಕೆಯಾಗಲಿಲ್ಲವೆ ಎಂದು ಕೇಳಿದ. ಮೈದುನ ಹಾಳೆಯನ್ನು ನೋಡಿದ, ಏಳನೆಯ ಎಂಬ ಮಾತನ್ನು ನೋಡಿದ, ಅವನ ಮುಖ ಇಳಿಯಿತು.

“ಭಾವ, ನಾನು ಮನೆಗೆ ಕಾಗದ ಬರೆಯೋದಕ್ಕೇ ಪಕ್ಕದವನ ಹತ್ರ ತಿದ್ದಿಸಿಕೊಳ್ತಿದ್ದೆ. ಇದನ್ನ ನಾನು ಬರೀತೀನಾ?” ಎಂದ. ಆಮೇಲೆ ಇನ್ನೂ ಮೆತ್ತಗೆ, “ಮನೆಗೆ ಹೋಗಿ” ಎಂದ.

ಬೇರುಗಾರ ಮನೆಯ ಬಾಗಿಲು ತೆರೆದಾಗ ಇನ್ನೂ ಹನ್ನೊಂದು ಗಂಟೆ. ಅಷ್ಟು ಹೊತ್ತಿಗೆ ಅವನು ಮನೆಗೆ ಬಂದದ್ದು ಜ್ವರ ಬಂದಾಗ ಮಾತ್ರ. ಹೆಂಡತಿ ಊಟದ ಕೋಣೆಯಲ್ಲಿ ಕೂತಿದ್ದಳು. ಅವಳ ಮುಂದೆ ಚಪ್ಪಲಿ ಡಬ್ಬಿಗಳು, ನಾಲ್ಕೋ ಐದೋ, ಅವುಗಳ ತುಂಬ ಕಾಗದಗಳು, ಬಂದರಿನ ಹೆಸರು ಬರೆದ ರಟ್ಟಿನ ತುಂಡುಗಳು ನಡುನಡುವೆ ನಿಂತಿದ್ದವು. ಕಚೇರಿಯ ಡ್ರಾಯರಿನಂತೆಯೇ, ಆದರೆ ಅದಕ್ಕಿಂತ ಅಚ್ಚುಕಟ್ಟು. ಕೈಯಲ್ಲಿ ಪೆನ್ನಿತ್ತು.

ಯಾರ ಪಕ್ಷ ನೀನು ಎಂದು ಅವನು ನಿಂತಲ್ಲೇ ಕೇಳಿದ.

“ನನ್ನ ಪಕ್ಷ” ಎಂದಳು ಅವಳು. ಅವನ ಕೈಯಲ್ಲಿದ್ದ ಎರಡು ಹಾಳೆಗಳನ್ನು ಕಂಡಳು, ಹಳದಿಯೊಂದು, ಬಿಳಿಯೊಂದು. ಹಣೆ ಹಣೆ ಬಡಿದುಕೊಂಡಳು. “ಏಳನೇದನ್ನ ನೀವಿನ್ನೂ ಕೊಟ್ಟೇ ಇರ್ಲಿಲ್ವಾ?”

ಅವಳು ಕುರ್ಚಿ ಎಳೆದು ಕೊಟ್ಟಳು, ಅವನು ಕೂತ, ಅವಳು ಒಂದು ಡಬ್ಬಿಯನ್ನು ಅವನ ಮುಂದೆ ಸರಿಸಿದಳು. ಅವನು ಓದತೊಡಗಿದ. ಕಾಗದಗಳು ಮೈದುನನವು, ಇಪ್ಪತ್ತು ವರ್ಷದವು, ತಿದ್ದಿಸಿದ ಮೇಲೂ ಕಾಗುಣಿತ ಕೆಟ್ಟವು. ಪ್ರತಿಯೊಂದೂ ಒಂದೇ ರೀತಿ ಶುರುವಾಗುತ್ತಿತ್ತು: ಅಕ್ಕಾ, ನೀನು ಕೇಳಿದ ಪದಕ್ಕೆ ಇಲ್ಲಿ ಹೀಗೆನ್ನುತ್ತಾರೆ. ಅಕ್ಕಾ, ನೀನು ಹೇಳಿದಂತೆ ಮುದುಕರನ್ನೂ ಹುಡುಗರನ್ನೂ ಬೇರೆ ಬೇರೆ ಕೇಳಿದೆ. ಅಕ್ಕಾ, ರುಮಾನಿಯದವನೊಬ್ಬ ಅಡುಗೆಮನೆಗೆ ಬಂದಿದ್ದ, ನೀನು ಕೇಳಿದ್ದನ್ನು ಕೇಳಿದೆ, ನಕ್ಕ. ಎಂಟು ಬಂದರಿನ ಸಾಬೂನು ಅಲ್ಲಿತ್ತು. ಕಚೇರಿಯಲ್ಲಿ ಹದಿನಾಲ್ಕು ತಲೆಗಳನ್ನು ತಿರುಗಿಸುತ್ತಿದ್ದ ಒಂದೊಂದು ಪದವೂ ಆ ಡಬ್ಬಿಗಳಲ್ಲಿ ಉತ್ತರವಾಗಿ ಕೂತಿತ್ತು, ಪ್ರಶ್ನೆಗಳೆಲ್ಲ ಇವಳವು.

ಮೈದುನನ ಮೇಲಿನ ಸಿಟ್ಟು ಬೇರುಗಾರನೊಳಗೆ ಒಮ್ಮೆಲೇ ಇಳಿದುಹೋಯಿತು. ಆದರೆ ಉರಿ ಇಳಿಯಲಿಲ್ಲ, ಜಾಗ ಬದಲಿಸಿತು ಅಷ್ಟೆ. ಇಪ್ಪತ್ತು ವರ್ಷ ಇವಳ ತಲೆಯಲ್ಲಿ ಇಷ್ಟು ಪ್ರಶ್ನೆಗಳಿದ್ದವು, ಪಕ್ಕದಲ್ಲೇ ಮಲಗಿದ ಬೇರುಗಾರನನ್ನು ಬಿಟ್ಟು ಸಮುದ್ರದ ಆಚೆಗೆ ಕಾಗದ ಹಾಕಿ ಕೇಳಿದ್ದಳು. ಬೇರೆ ಯಾವ ಗಂಡನಿಗಾದರೂ ಹೆಂಡತಿಯ ಪೆಟ್ಟಿಗೆಯಲ್ಲಿ ಪ್ರೇಮಪತ್ರ ಸಿಕ್ಕರೆ ಹೀಗೇ ಆಗುತ್ತಿತ್ತೇನೋ.

“ನನ್ನನ್ನ ಯಾಕೆ ಕೇಳಲಿಲ್ಲ?” ಎಂದ.

“ಕೇಳಿದ್ದೆ. ಈ ಮನೆಗೆ ಬಂದ ವರ್ಷವೇ, ನೀವು ಮೇಜಿನ ಚೀಟಿ ಬರೀತಿದ್ದಾಗ. ಮೇಜು ಹಡಗಲ್ಲಿ ಬಂದಿರಬಹುದಾ ಅಂದೆ. ನಿನಗ್ಯಾಕೆ ಅದೆಲ್ಲ, ಉಪ್ಪು ತಾ ಅಂದ್ರಿ. ತಂದುಕೊಟ್ಟೆ.”

ಅವನಿಗೆ ನೆನಪಿರಲಿಲ್ಲ. ನೆನಪಿಲ್ಲದಿದ್ದದ್ದೇ ಅವಳು ಹೇಳಿದ್ದು ಸುಳ್ಳಲ್ಲ ಎಂಬುದಕ್ಕೆ ಸಾಕ್ಷಿ. ಅಂಥ ಮಾತು ಆಡಿದವನಿಗೆ ಎಲ್ಲಿ ನೆನಪಿರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಮೂಲ ಬರೆದವನೇ ಅವನು, ಮೊದಲ ಆವೃತ್ತಿಯಲ್ಲಿ, ಉದಾಹರಣೆ ಸಮೇತ.

ಅವಳು ಡಬ್ಬಿಗಳ ಮುಚ್ಚಳ ಮುಚ್ಚತೊಡಗಿದಳು. ತಪ್ಪು ತನ್ನದೇ ಎಂದಳು, ನಿನ್ನೆ ತಮ್ಮನ ಕೈಯಲ್ಲಿ ಕಳಿಸುವ ಮುಂಚೆ ಕೊಟ್ಟಿದ್ದೀರಾ ಎಂದು ವಿಚಾರಿಸಬೇಕಿತ್ತು, ಉತ್ತರ ಹೊಳೆದ ಖುಷಿಗೆ ತಡೆಯಲಾಗಲಿಲ್ಲ ಎಂದಳು. ಆಮೇಲೆ ಅವನ ಮುಖ ನೋಡದೆ ಹೇಳಿದಳು: “ಈಗ ನಿಮಗೆ ಗೊತ್ತಾಯ್ತು. ಹೋಗಿ ಮೇಡಂಗೆ ಹೇಳಿ. ಚೀಟಿ ರದ್ದಾಗುತ್ತೆ, ನಿಮ್ಮ ಪಾರಸಿ ಹಾಗೇ ಉಳಿಯುತ್ತೆ. ಅದು ನ್ಯಾಯವೇ, ನಿಮ್ಮನ್ನ ದೂರಲ್ಲ.”

ನಿಜಕ್ಕೂ ಅದು ನ್ಯಾಯವೇ ಆಗಿತ್ತು. ಕಚೇರಿಗೆ ಮರಳಿ ನಡೆಯುವಾಗ ಬೇರುಗಾರ ಅದನ್ನೇ ಯೋಚಿಸಿದ. ಒಂದು ಸುಳ್ಳನ್ನೂ ಆಡದೆ, ಒಂದು ಮೋಸವನ್ನೂ ಮಾಡದೆ, ನಿಯಮದ ಪುಸ್ತಕ ತೋರಿಸಿ ತನ್ನ ಎರಡಕ್ಷರವನ್ನು ಉಳಿಸಿಕೊಳ್ಳಬಹುದಿತ್ತು. ಮುಂದಿನ ಆವೃತ್ತಿಗೆ ಇನ್ನು ಇಪ್ಪತ್ತು ವರ್ಷ. ಆಗ ಅವನೂ ಇರಲಿಕ್ಕಿಲ್ಲ, ಅವಳೂ ಇರಲಿಕ್ಕಿಲ್ಲ. ಇಂಥ ಸಲೀಸಾದ ದಾರಿ ದೇವರೂ ಯಾರಿಗೂ ತೆರೆದುಕೊಡುವುದಿಲ್ಲ. ಕನ್ನಡಕದ ಅಂಗಡಿಯ ಮುಂದೆ ಅವನು ಬಹಳ ಹೊತ್ತು ನಿಂತ. ಒಳಗಿನ ಉರಿ ಹೇಳಿಬಿಡು ಹೇಳಿಬಿಡು ಎನ್ನುತ್ತಿತ್ತು. ಆದರೆ ಬೆಳಗ್ಗೆಯೇ, ಬರೆದವರು ಯಾರೆಂದು ತಿಳಿಯುವ ಮೊದಲೇ, ಜೇಬಿನಲ್ಲಿದ್ದ ಬಿಳಿ ಹಾಳೆಗೆ ಅವನ ಬಳಿ ಉತ್ತರವಿರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ.

ಮೆಟ್ಟಿಲು ಹತ್ತಿ ಹೋಗಿ, ಟೈಪಿಸ್ಟಳಿಂದ ಚೀಟಿ ತರಿಸಿಕೊಂಡು, ‘ಒಪ್ಪಿದೆ’ ಎಂದು ಬರೆದು ಸಹಿ ಹಾಕಿದ.

ಮೇಡಂ ಲಕೋಟೆ ಒಡೆದಳು. ಹೆಸರು ಓದಿ ಕನ್ನಡಕ ತೆಗೆದು ಅವನನ್ನು ನೋಡಿದಳು. ನಿಮಗೆ ಮೊದಲೇ ತಿಳಿದಿತ್ತೆ ಎಂದು ಕೇಳಿದಳು, ಕೇಳಬೇಕಾದದ್ದು ಅವಳ ಕೆಲಸ. ಇಲ್ಲ ಎಂದ ಬೇರುಗಾರ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವನು ಆ ಕೋಣೆಯಲ್ಲಿ ಆಡಿದ ಮೊದಲ ಸುಳ್ಳು ಅದು. ಕಿಟಕಿಯ ಬಳಿ ಮೈದುನ ತಲೆಯೆತ್ತದೆ ಚೀಟಿಗಳನ್ನು ಜೋಡಿಸುತ್ತಲೇ ಇದ್ದ. ಟೈಪಿಸ್ಟ್ ಹಳೆಯ ಚೀಟಿಯ ಮೇಲೆ ಕೆಂಪು ಗೀಟು ಎಳೆದು, ಕೆಳಗಿದ್ದ ಎರಡು ಮೊದಲಕ್ಷರಗಳನ್ನು ಹೊಡೆದುಹಾಕಿ, ಹೊಸದರ ಕೆಳಗೆ ಬೇರೆ ಎರಡನ್ನು ಬರೆದಳು.

ಸಂಜೆ ಅವನು ಮನೆಗೆ ಬಂದು ಚಪ್ಪಲಿ ಬಿಟ್ಟು, ಸಹಿ ಹಾಕಿದೆ ಎಂದಷ್ಟೇ ಹೇಳಿದ. ಹೆಂಡತಿ ಒಲೆಯ ಮುಂದೆ ನಿಂತಿದ್ದಳು. ಒಲೆ ಆರಿಸಿ, ಕೈ ಒರೆಸಿಕೊಂಡು ಹೊರಗೆ ಬಂದಳು. ಖುಷಿಪಡುತ್ತಾಳೆ ಎಂದು ಅವನು ಅಂದುಕೊಂಡಿದ್ದ. ಅವಳ ಮುಖ ಬಿಗಿದಿತ್ತು.

“ಹೆಂಡತಿ ಅಂತ ಒಪ್ಪಿದ್ರೋ, ನಿಜವಾಗಿ ಒಪ್ಪಿದ್ರೋ? ಹೆಂಡತಿ ಅಂತ ಆದ್ರೆ ನಾಳೆ ನಾನೇ ಹೋಗಿ ವಾಪಸ್ ತಗೋತೀನಿ.”

ಅವನು ಗೋಡೆಗೆ ಒರಗಿದ. ನಯವಾದ ಒಂದು ಮಾತು ಹುಡುಕಿದ, ಸಿಗಲಿಲ್ಲ.

“ಹೆಂಡತಿ ಅಂತ ಒಪ್ಪಿದ್ರೆ ಇಷ್ಟು ಹೊಟ್ಟೆ ಉರೀತಿತ್ತಾ?” ಎಂದ. “ಬೆಳಗ್ಗೆಯಿಂದ ಉರೀತಾ ಇದೆ. ನಿನ್ನ ತಮ್ಮನ ಮೇಲಲ್ಲ. ನಿನ್ನ ಮೇಲೆ.”

ಅವಳ ಬಿಗಿದ ಮುಖ ನಿಧಾನವಾಗಿ ಸಡಿಲವಾಯಿತು.

“ಉರೀಲಿ” ಎಂದಳು. “ನನಗೆ ಇಪ್ಪತ್ತೆರಡು ವರ್ಷ ಉರೀತು. ನೀವು ಊಟ ಮಾಡ್ತಿದ್ರಿ.”